ಪಹಣಿ ತಿದ್ದುವ ಕೈ, ಮೆಥಡ್ ಕರೆಯುವ ಕೈ: ನಂಟುಳ್ಳ ಕ್ಲಾಸ್‌ಗಳ ನಡುವಿನ ಹಕ್ಕಿನ ಪ್ರಶ್ನೆ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ ಯಾರ ಜಮೀನಿನ ಪಹಣಿಯನ್ನಾದರೂ ಯಾರು ಬೇಕಾದರೂ ತೆಗೆಸಿ ನೋಡಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಆದರೆ ಅದೇ ಪಹಣಿಯಲ್ಲಿ ಒಂದು ಹೆಸರು ಬದಲಾಗಬೇಕಾದರೆ ದಾರಿ ಬೇರೆ. ಸಾಮಾನ್ಯವಾಗಿ ಅರ್ಜಿ ಬೀಳಬೇಕು, ನೋಟಿಸ್ ಹೊರಡಬೇಕು, ತಕರಾರಿಗೆ ಕಾಲಾವಕಾಶ ಕೊಡಬೇಕು. ತಕರಾರು ಇಲ್ಲದಿದ್ದರೆ ಕಂದಾಯ ನಿರೀಕ್ಷಕರ ಹಂತದಲ್ಲೇ ಕೆಲಸ ಮುಗಿಯುತ್ತದೆ. ತಕರಾರು ಬಂದರೆ ಶಿರಾದ ತಹಶೀಲ್ದಾರರ ಮುಂದೆ ವಿಚಾರಣೆ. ಅವರ ಆದೇಶ ಒಪ್ಪಿಗೆಯಾಗದವರು ಮಧುಗಿರಿಯ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುತ್ತಾರೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರುವುದು ಆ ಉಪವಿಭಾಗಕ್ಕೇ. ಇವರೆಲ್ಲ ಒಂದೇ ಕಂದಾಯ ಇಲಾಖೆಯವರು, ಒಬ್ಬರಿಗೊಬ್ಬರು ಸಂಬಂಧಪಟ್ಟವರು. ಹಾಗಿದ್ದೂ ಒಬ್ಬರು ಮಾಡುವ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ.

ಪ್ರೋಗ್ರಾಂ ಬರೆಯುವವರು ದಿನಾ ಎದುರಿಸುವ ಪ್ರಶ್ನೆಯೂ ಇದೇ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸ್‌ಗಳಿರುತ್ತವೆ, ಅವುಗಳ ಅಚ್ಚಿನಿಂದ ಆಬ್ಜೆಕ್ಟ್‌ಗಳು ಬರುತ್ತವೆ, ಕ್ಲಾಸ್‌ಗಳ ಒಳಗೆ ಕೆಲಸ ಮಾಡುವ ಮೆಥಡ್‌ಗಳಿರುತ್ತವೆ. ಕೆಲವು ಮೆಥಡ್ ಎಲ್ಲರಿಗೂ ಬೇಕು, ಕೆಲವು ಯಾರಿಗೂ ಬೇಡ. ಕಷ್ಟ ಬರುವುದು ನಡುವಿನವುಗಳಲ್ಲಿ. ಹೊರಗಿನವರು ಮುಟ್ಟಬಾರದು, ಆದರೆ ನಂಟುಳ್ಳ ಒಂದೆರಡು ಕ್ಲಾಸ್‌ಗಳಿಗೆ ಅವು ಬೇಕೇ ಬೇಕು. ಆಗ ನಂಟು ಎಂದರೇನು? ಹುಟ್ಟಿನ ನಂಟೇ, ನೆರೆಹೊರೆಯ ನಂಟೇ, ಕೆಲಸಕ್ಕಾಗಿ ನೇಮಿಸಿಕೊಂಡ ನಂಟೇ? ಕಳೆದ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದೊಂದು ಭಾಷೆ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಬಾಯಿಪಾಠವಾದ ಒಂದು ಪಟ್ಟಿ

ನಮ್ಮ ರಾಜ್ಯದ ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಬಹಳ ವರ್ಷ ಸಿ ಪ್ಲಸ್ ಪ್ಲಸ್ ಭಾಷೆಯ ಪಾಠವಿತ್ತು. ಒಂದು ಕ್ಲಾಸ್‌ನಿಂದ ಇನ್ನೊಂದು ಹುಟ್ಟುವ ಇನ್ಹೆರಿಟೆನ್ಸ್ ಅಧ್ಯಾಯದಲ್ಲಿ ಒಂದು ಪಟ್ಟಿಯನ್ನು ಎಲ್ಲರೂ ಉರು ಹೊಡೆಯುತ್ತಿದ್ದರು. ಮೂಲವಾದ ಬೇಸ್ ಕ್ಲಾಸ್‌ನ ಪ್ರೈವೇಟ್ ಸದಸ್ಯರು ಅದರಿಂದ ಹುಟ್ಟಿದ ಡಿರೈವ್ಡ್ ಕ್ಲಾಸ್‌ಗೆ ಎಂದೂ ಸಿಗುವುದಿಲ್ಲ. ಪ್ರೊಟೆಕ್ಟೆಡ್ ಆದವು ಡಿರೈವ್ಡ್ ಕ್ಲಾಸ್‌ಗೆ ಸಿಗುತ್ತವೆ, ಹೊರಗಿನವರಿಗೆ ಸಿಗುವುದಿಲ್ಲ. ಪಬ್ಲಿಕ್ ಆದವು ಎಲ್ಲರಿಗೂ. ಡಿರೈವ್ ಮಾಡುವಾಗ ಬರೆಯುವ ವಿಸಿಬಿಲಿಟಿ ಮೋಡ್ ಬದಲಾದರೆ ಪಟ್ಟಿಯ ಕಾಲಂಗಳೂ ಬದಲಾಗುತ್ತವೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಖಚಿತವಾಗಿತ್ತು.

ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಪ್ರೊಟೆಕ್ಟೆಡ್ ಏಕೆ ಬಂತು, ಅದನ್ನು ತಂದವರೇ ಮುಂದೆ ಏಕೆ ಹಿಂಜರಿದರು, ಬೇರೆ ಭಾಷೆಗಳು ಅದನ್ನು ಏಕೆ ತಿದ್ದಿದವು, ಕೆಲವು ಏಕೆ ಕೈಬಿಟ್ಟವು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಪಟ್ಟಿಯನ್ನಷ್ಟೇ ಕಲಿತವರು ಕೆಲಸಕ್ಕೆ ಸೇರಿದ ಮೇಲೆ ಅನುಮಾನ ಬಂದಲ್ಲೆಲ್ಲ ಪ್ರೊಟೆಕ್ಟೆಡ್ ಎಂದು ಬರೆದು ಮುಂದೆ ಹೋಗುತ್ತಾರೆ. ಅದು ಪಬ್ಲಿಕ್‌ಗೂ ಪ್ರೈವೇಟ್‌ಗೂ ನಡುವಿನ ಸುರಕ್ಷಿತ ಜಾಗದಂತೆ ಕಾಣುತ್ತದೆ. ಹಾಗಲ್ಲ ಎಂಬುದಕ್ಕೆ ನಮ್ಮ ಊರುಗಳ ಹಳೆಯ ಲೆಕ್ಕದ ಪುಸ್ತಕಗಳೇ ಒಳ್ಳೆಯ ಪಾಠ.

ಶಾನುಭೋಗರ ಮನೆಯಿಂದ ಭೂಮಿಯ ಕಂಪ್ಯೂಟರಿಗೆ

ಹಳೇ ಮೈಸೂರು ಸೀಮೆಯಲ್ಲಿ ಶಾನುಭೋಗಿಕೆ ವಂಶಪಾರಂಪರ್ಯವಾಗಿತ್ತು. ಊರಿನ ಭೂಮಿಯ ಲೆಕ್ಕ ಶಾನುಭೋಗರ ಸುಪರ್ದಿನಲ್ಲಿರುತ್ತಿತ್ತು. ಬರೆಯುವ ಹಕ್ಕು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಮಗ ಆ ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದು ಎರಡನೆಯ ಮಾತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಹುಟ್ಟಿನಿಂದ ಬರುತ್ತಿದ್ದ ಹಕ್ಕು ನೇಮಕದಿಂದ ಬರುವಂತಾಯಿತು.

ಅಷ್ಟಾದರೂ ಪುಸ್ತಕ ಇದ್ದದ್ದು ಒಬ್ಬರ ಕೈಯಲ್ಲೇ. ಓದಲೂ ಅವರೇ ಬೇಕು, ಬರೆಯಲೂ ಅವರೇ ಬೇಕು. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ ಈ ಗಂಟನ್ನು ಬಿಡಿಸಿತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಹರಡಿಕೊಂಡಿದ್ದ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಯಾರಿಗೆ ಬೇಕಾದರೂ ಪಹಣಿ ಸಿಗುವಂತಾಯಿತು. ತಿದ್ದುವ ಕೆಲಸಕ್ಕೆ ಬೆರಳಚ್ಚು ಕೊಟ್ಟು ಒಳಗೆ ಹೋಗುವ ಸಿಬ್ಬಂದಿ, ಹೆಸರು ಬದಲಾಯಿಸುವ ಮ್ಯುಟೇಷನ್‌ಗೆ ಸರದಿ, ಯಾರು ಅನುಮೋದಿಸಿದರು ಎಂಬ ದಾಖಲೆ ಎಲ್ಲವೂ ಬಂದವು. ಓದುವುದು ಪಬ್ಲಿಕ್ ಆಯಿತು. ಬರೆಯುವುದು ಆ ಕೆಲಸಕ್ಕೆ ನೇಮಕವಾದವರಿಗೆ ಮಾತ್ರ ಉಳಿಯಿತು.

ಹುಟ್ಟಿನ ಹಕ್ಕಿನಿಂದ ನೇಮಕದ ಹಕ್ಕಿಗೆ, ಪುಸ್ತಕವನ್ನೇ ಒಪ್ಪಿಸುವುದರಿಂದ ಒಂದೊಂದು ಕೆಲಸವನ್ನು ಬಿಡಿಬಿಡಿಯಾಗಿ ಒಪ್ಪಿಸುವುದಕ್ಕೆ ಕಂದಾಯ ಇಲಾಖೆ ಬಂದ ದಾರಿ ಇದು. ಪ್ರೋಗ್ರಾಮಿಂಗ್ ಭಾಷೆಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿವೆ.

ಮೊದಲು ಬಾಗಿಲೇ ಇರಲಿಲ್ಲ

ಕ್ಲಾಸ್, ಸಬ್‌ಕ್ಲಾಸ್ ಎಂಬ ಕಲ್ಪನೆ ಹುಟ್ಟಿದ್ದು ನಾರ್ವೆಯ ಆಸ್ಲೋದಲ್ಲಿ. ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಅದರ ತವರು. ಆ ಭಾಷೆಯ ಮೊದಲ ರೂಪದಲ್ಲಿ ಮುಚ್ಚಿಡುವ ಏರ್ಪಾಡೇ ಇರಲಿಲ್ಲ. ಆಬ್ಜೆಕ್ಟ್ ಕೈಗೆ ಸಿಕ್ಕರೆ ಅದರೊಳಗಿನದೆಲ್ಲ ಸಿಕ್ಕಂತೆ. ಮರೆಮಾಡುವ ಪದಗಳು ಅದಕ್ಕೆ ಸೇರಿದ್ದು ಆಮೇಲೆ.

ಏಕೆ ಮರೆಮಾಡಬೇಕು ಎಂಬುದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಡೇವಿಡ್ ಪಾರ್ನಸ್. 1972ರ ಪ್ರಬಂಧದಲ್ಲಿ ಅವರು ಹೇಳಿದ ಮಾತಿನ ತಿರುಳು ಇಷ್ಟು: ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲ್ ಒಳಗೆ ಅಡಗಿಸಿಡಬೇಕು. ಹಾಗಿಟ್ಟರೆ ಅದು ಬದಲಾದಾಗ ಉಳಿದ ಮಾಡ್ಯೂಲ್‌ಗಳಿಗೆ ಬಿಸಿ ತಟ್ಟುವುದಿಲ್ಲ. ಇಲ್ಲಿ ಗುಟ್ಟು ಕಾಯುವುದು ಮುಖ್ಯವಲ್ಲ, ಬದಲಾವಣೆಯ ಸ್ವಾತಂತ್ರ್ಯ ಕಾಯುವುದು ಮುಖ್ಯ. ನಮ್ಮ ಹಳೆಯ ದಾನಶಾಸನಗಳಲ್ಲಿ ಆಚಂದ್ರಾರ್ಕ ಎಂದು ಬರೆಸುತ್ತಿದ್ದರು, ಸೂರ್ಯಚಂದ್ರರಿರುವ ತನಕ ಎಂದು. ಒಂದು ಮೆಥಡ್ ಅನ್ನು ಪಬ್ಲಿಕ್ ಮಾಡಿ ಜನರ ಕೈಗೆ ಕೊಟ್ಟರೆ ಅದು ಹೆಚ್ಚುಕಡಿಮೆ ಅಂಥದೇ ಶಾಸನ. ಬಳಸುವವರು ಬಂದ ಮೇಲೆ ಹಿಂದಕ್ಕೆ ಪಡೆಯುವುದು ಬಲು ಕಷ್ಟ.

ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸ್ಮಾಲ್‌ಟಾಕ್ ಬೇರೆ ಹಾದಿ ಹಿಡಿಯಿತು. ಅಲ್ಲಿ ದತ್ತಾಂಶವೆಲ್ಲ ಆಬ್ಜೆಕ್ಟ್‌ನ ಸ್ವಂತದ್ದು, ಹೊರಗಿನಿಂದ ಮುಟ್ಟುವಂತಿಲ್ಲ. ಮೆಥಡ್‌ಗಳೋ ಎಲ್ಲವೂ ಪಬ್ಲಿಕ್. ಯಾವುದನ್ನು ಹೊರಗಿನವರು ಕರೆಯಬಾರದೋ ಅದನ್ನು ಪ್ರೈವೇಟ್ ಎಂಬ ಗುಂಪಿನಲ್ಲಿ ಇಡುತ್ತಿದ್ದರು. ಅದು ಕೇವಲ ಶಿಷ್ಟಾಚಾರ, ಭಾಷೆ ತಡೆಯುತ್ತಿರಲಿಲ್ಲ. ಇಂದಿನ ಪೈಥಾನ್‌ನ ನಡೆಯೂ ಇದನ್ನೇ ಹೋಲುತ್ತದೆ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇದ್ದರೆ ಇದು ಒಳಮನೆಯ ಮಾತು ಎಂದು ಅರ್ಥ. ಎರಡು ಇದ್ದರೆ ಭಾಷೆಯೇ ಆ ಹೆಸರಿಗೆ ಕ್ಲಾಸ್‌ನ ಹೆಸರನ್ನು ಸೇರಿಸಿ ಬದಲಿಸುತ್ತದೆ. ಡಿರೈವ್ಡ್ ಕ್ಲಾಸ್‌ನಲ್ಲಿ ಅದೇ ಹೆಸರು ಬಂದರೆ ಡಿಕ್ಕಿಯಾಗದಿರಲಿ ಎಂಬುದು ಅದರ ಉದ್ದೇಶ. ಬೀಗ ಹಾಕುವುದಲ್ಲ.

ಪ್ರೊಟೆಕ್ಟೆಡ್ ಬಂದ ಕಥೆ

ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ ಕೆಲಸ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಮೊದಲಲ್ಲಿ ಪಬ್ಲಿಕ್, ಪ್ರೈವೇಟ್ ಇದ್ದವು, ಮುಂದೆ ವಿವರಿಸುವ ಫ್ರೆಂಡ್ ಇತ್ತು. ಪ್ರೊಟೆಕ್ಟೆಡ್ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲಿಂಟನ್ ಇಂಟರ್‌ವ್ಯೂಸ್ ಎಂಬ ದೊಡ್ಡ ಲೈಬ್ರರಿ ಕಟ್ಟುತ್ತಿದ್ದರು. ಅದನ್ನು ಹಿಗ್ಗಿಸಲು ಬರುವವರಿಗೆ ಒಳಗಿನ ಕೆಲವು ಸಂಗತಿಗಳು ಬೇಕು, ಸಾಮಾನ್ಯ ಬಳಕೆದಾರರಿಗೆ ಬೇಡ. ಅವರ ಒತ್ತಾಯದಿಂದ 1987ರ ಆವೃತ್ತಿಯಲ್ಲಿ ಪ್ರೊಟೆಕ್ಟೆಡ್ ಸೇರಿತು.

ಮುಂದೆ ನಡೆದದ್ದನ್ನು ಸ್ಟ್ರೌಸ್ಟ್ರಪ್ ತಮ್ಮ ಭಾಷೆಯ ಇತಿಹಾಸದ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಸುಮಾರು ಐದು ವರ್ಷದಲ್ಲಿ ಅದೇ ಲಿಂಟನ್ ತಮ್ಮ ಲೈಬ್ರರಿಯಲ್ಲಿ ಪ್ರೊಟೆಕ್ಟೆಡ್ ದತ್ತಾಂಶವನ್ನು ನಿಷೇಧಿಸಿದರು. ಅದು ದೋಷಗಳ ಮೂಲವಾಗಿತ್ತು. ಮಕ್ಕಳ, ಅಂದರೆ ಡಿರೈವ್ಡ್, ಕ್ಲಾಸ್‌ಗಳು ಎಷ್ಟಿವೆ, ಎಲ್ಲಿವೆ ಎಂಬುದು ಬೇಸ್ ಕ್ಲಾಸ್ ಬರೆದವರಿಗೆ ತಿಳಿಯುವುದಿಲ್ಲ. ಯಾರು ಯಾವಾಗ ಯಾವ ಅಂಕೆಯನ್ನು ಬದಲಿಸಿದರು ಎಂದು ಹುಡುಕುವುದು ದೊಡ್ಡ ಸಂಸಾರದಲ್ಲಿ ಕಣಜದ ಬೀಗದ ಕೈ ಎಲ್ಲರ ಸೊಂಟಕ್ಕೂ ಕಟ್ಟಿ, ರಾಗಿ ಎಷ್ಟು ಹೋಯಿತು ಎಂದು ಲೆಕ್ಕ ಕೇಳಿದ ಹಾಗೆ. ಪ್ರೊಟೆಕ್ಟೆಡ್ ಮೆಥಡ್‌ಗಳ ಮಾತು ಬೇರೆ. ಅವು ಕಣಜದ ಬಾಯಲ್ಲಿ ಕೂತು ಅಳೆದು ಕೊಡುವವರ ಹಾಗೆ. ನಿಯಮ ಮುರಿಯುವ ಮುನ್ನವೇ ತಡೆಯಬಲ್ಲವು. ದತ್ತಾಂಶ ಪ್ರೈವೇಟ್ ಇರಲಿ, ಮಕ್ಕಳಿಗೆ ಬೇಕಾದದ್ದನ್ನು ಮೆಥಡ್ ಮೂಲಕ ಕೊಡಿ ಎಂಬ ಇಂದಿನ ರೂಢಿಗೆ ಈ ಅನುಭವವೇ ತಳಹದಿ.

ನಂಟು ಎಂದರೆ ಯಾವ ನಂಟು?

ಜಾವಾ 1990ರ ದಶಕದ ನಡುವೆ ಬಂದಾಗ ನಂಟಿನ ಅರ್ಥವೇ ಅಗಲವಾಯಿತು. ಅಲ್ಲಿ ಏನೂ ಬರೆಯದಿದ್ದರೆ ಮೆಥಡ್ ಒಂದೇ ಪ್ಯಾಕೇಜಿನ, ಅಂದರೆ ಒಂದೇ ಕಟ್ಟಿನ, ಎಲ್ಲ ಕ್ಲಾಸ್‌ಗಳಿಗೆ ತೆರೆದಿರುತ್ತದೆ. ಪ್ರೊಟೆಕ್ಟೆಡ್ ಎಂದರೆ ಮಕ್ಕಳಿಗೂ ಉಂಟು, ಪ್ಯಾಕೇಜಿನ ನೆರೆಯವರಿಗೂ ಉಂಟು. ಸಿ ಪ್ಲಸ್ ಪ್ಲಸ್‌ನಿಂದ ಬಂದವರು ಇಲ್ಲಿ ಮುಗ್ಗರಿಸುತ್ತಾರೆ. ಒಂದೇ ಪದ, ಒಂದು ಭಾಷೆಯಲ್ಲಿ ವಂಶದ ಹಕ್ಕು, ಇನ್ನೊಂದರಲ್ಲಿ ವಂಶ ಮತ್ತು ಕೇರಿ ಎರಡರ ಹಕ್ಕು. ಕೋಟ್ಲಿನ್ ಇದನ್ನು ತಿದ್ದಿ ಪ್ರೊಟೆಕ್ಟೆಡ್ ಅನ್ನು ಮತ್ತೆ ವಂಶಕ್ಕಷ್ಟೇ ಮೀಸಲಿಟ್ಟಿತು, ನೆರೆಹೊರೆಗಾಗಿ ಇಂಟರ್ನಲ್ ಎಂಬ ಬೇರೆ ಪದ ಕೊಟ್ಟಿತು.

ಸಿ ಶಾರ್ಪ್ ಭಾಷೆಯಲ್ಲಿ ಎರಡನ್ನೂ ಕೂಡಿಸುವ ಪದಗಳಿವೆ. ಪ್ರೊಟೆಕ್ಟೆಡ್ ಇಂಟರ್ನಲ್ ಎಂದರೆ ಮಕ್ಕಳಾಗಿರಬೇಕು ಅಥವಾ ಅಸೆಂಬ್ಲಿ ಎಂಬ ಒಂದೇ ಕಟ್ಟಿನವರಾಗಿರಬೇಕು, ಯಾವುದಾದರೂ ಒಂದು ಸಾಕು. 2017ರಲ್ಲಿ ಸೇರಿದ ಪ್ರೈವೇಟ್ ಪ್ರೊಟೆಕ್ಟೆಡ್ ಎಂದರೆ ಎರಡೂ ಆಗಿರಬೇಕು. ಹೆಸರು ಕೇಳಿ ಅರ್ಥ ಊಹಿಸುವುದು ಕಷ್ಟ. ಆದರೆ ವ್ಯತ್ಯಾಸ ದೊಡ್ಡದು. ಮೊದಲನೆಯದು ಹಕ್ಕನ್ನು ಹಿಗ್ಗಿಸುತ್ತದೆ, ಎರಡನೆಯದು ಕುಗ್ಗಿಸುತ್ತದೆ.

ಹೆಸರು ಹಿಡಿದು ಕೊಡುವ ಹಕ್ಕು ಇನ್ನೊಂದು ಬಗೆ. ಸಿ ಪ್ಲಸ್ ಪ್ಲಸ್‌ನ ಫ್ರೆಂಡ್ ಇಂಥದು. ಒಂದು ಕ್ಲಾಸ್ ಇನ್ನೊಂದನ್ನು ಹೆಸರಿಸಿ ನನ್ನ ಪ್ರೈವೇಟ್ ಎಲ್ಲವೂ ಇದಕ್ಕೆ ತೆರೆದಿದೆ ಎನ್ನುತ್ತದೆ. ಕೊಡುವವರೇ ಬರೆದುಕೊಡಬೇಕು, ಬೇಕೆನ್ನುವವರು ತಾವಾಗಿ ತೆಗೆದುಕೊಳ್ಳುವಂತಿಲ್ಲ. ಸ್ನೇಹಿತನ ಮಕ್ಕಳಿಗೆ ಆ ಹಕ್ಕು ಇಲ್ಲ, ಸ್ನೇಹಿತನ ಸ್ನೇಹಿತನಿಗೂ ಇಲ್ಲ. ಬರ್ಟ್ರಾಂಡ್ ಮೇಯರ್ ರೂಪಿಸಿದ ಐಫೆಲ್ ಭಾಷೆಯ ಏರ್ಪಾಡು ಇದಕ್ಕಿಂತ ಸೂಕ್ಷ್ಮ. ಅಲ್ಲಿ ಇಡೀ ಕ್ಲಾಸ್ ಅನ್ನು ತೆರೆಯುವುದಿಲ್ಲ. ಒಂದೊಂದು ಮೆಥಡ್ ಗುಂಪಿನ ಮುಂದೆ ಇಂಥಿಂಥ ಕ್ಲಾಸ್‌ಗಳಿಗೆ ಮಾತ್ರ ಎಂದು ಬರೆಯಬಹುದು. ಹಾಗೆ ಬರೆದರೆ ಆ ಕ್ಲಾಸ್‌ಗಳ ಮಕ್ಕಳು ಮೊಮ್ಮಕ್ಕಳಿಗೂ ಹಕ್ಕು ಇಳಿಯುತ್ತದೆ. ನಮ್ಮ ಕ್ರಯಪತ್ರಗಳಲ್ಲಿ ಪುತ್ರಪೌತ್ರ ಪಾರಂಪರ್ಯವಾಗಿ ಎಂಬ ಮಾತು ಬರುತ್ತದಲ್ಲ, ಐಫೆಲ್‌ನ ಪಟ್ಟಿಯಲ್ಲಿ ಆ ಮಾತು ಅಡಕವಾಗಿದೆ. ಸಿ ಪ್ಲಸ್ ಪ್ಲಸ್‌ನ ಸ್ನೇಹಪತ್ರದಲ್ಲಿ ಅದಿಲ್ಲ.

ಫ್ರೆಂಡ್ ಎಂದರೆ ಎನ್‌ಕ್ಯಾಪ್ಸುಲೇಷನ್, ಅಂದರೆ ಒಳಗನ್ನು ಮುಚ್ಚಿಡುವ ಕಟ್ಟುಪಾಡು, ಹಾಳು ಎಂಬ ದೂರು ಹಳೆಯದು. ಆದರೆ ಒಂದು ಮೆಥಡ್ ಒಂದು ಪಾಲುದಾರ ಕ್ಲಾಸ್‌ಗೆ ಮಾತ್ರ ಬೇಕಿದ್ದಾಗ ಅದನ್ನು ಪಬ್ಲಿಕ್ ಮಾಡುವುದಕ್ಕಿಂತ ಹೆಸರಿಸಿದ ಫ್ರೆಂಡ್ ನೂರು ಪಾಲು ಮೇಲು. ಅದರ ನಿಜವಾದ ಕೊರತೆ ಬೇರೆ: ಒಂದು ಮೆಥಡ್ ಕೊಡಬೇಕಾದ ಕಡೆ ಮನೆಯೆಲ್ಲ ಕೊಟ್ಟುಬಿಡುತ್ತದೆ. ಅದಕ್ಕೆ ಅನುಭವಿಗಳು ಚೀಟಿಯ ಉಪಾಯ ಕಂಡುಕೊಂಡರು. ಒಂದು ಪುಟ್ಟ ಚೀಟಿ ಕ್ಲಾಸ್ ಮಾಡಿ, ಅದನ್ನು ಸೃಷ್ಟಿಸುವ ಹಕ್ಕನ್ನು ಪಾಲುದಾರ ಕ್ಲಾಸ್‌ಗೆ ಮಾತ್ರ ಕೊಡುವುದು. ಮೆಥಡ್ ಪಬ್ಲಿಕ್ ಆಗಿರುತ್ತದೆ, ಆದರೆ ಚೀಟಿ ತೋರಿಸದೆ ಕರೆಯಲಾಗದು. ಚೀಟಿ ಬೇರೆ ಯಾರ ಬಳಿಯೂ ಹುಟ್ಟುವುದಿಲ್ಲ.

ಒಳಗೊಂದು ಕ್ಲಾಸ್ ಇಡುವುದು ಮತ್ತೊಂದು ದಾರಿ. ಜಾವಾದಲ್ಲಿ ಕ್ಲಾಸ್ ಒಳಗಿನ ಕ್ಲಾಸ್‌ಗೆ ಹೊರಗಿನದರ ಪ್ರೈವೇಟ್ ಸಿಗುತ್ತದೆ, ಹೊರಗಿನದಕ್ಕೂ ಒಳಗಿನದರ ಪ್ರೈವೇಟ್ ಸಿಗುತ್ತದೆ. ಪಟ್ಟಿ ಮತ್ತು ಪಟ್ಟಿಯ ಒಂದೊಂದು ಕೊಂಡಿ, ಖಾತೆ ಮತ್ತು ಖಾತೆಯ ಒಂದೊಂದು ನಮೂದು, ಇಂಥ ಜೋಡಿಗಳಿಗೆ ಇದರಷ್ಟು ಸರಳವಾದ ದಾರಿ ಇಲ್ಲ.

ಅಣ್ಣತಮ್ಮಂದಿರ ನಡುವೆ

ಪಿಯುಸಿ ಪಟ್ಟಿಯಲ್ಲಿ ಬಾರದ, ಕೆಲಸಕ್ಕಿಳಿದ ಮೇಲೆ ತಲೆ ತಿನ್ನುವ ಒಂದು ನಿಯಮವಿದೆ. ಕಂದಾಯ ದಾಖಲೆ ಎಂಬ ಬೇಸ್ ಕ್ಲಾಸ್, ಅದರಿಂದ ಬಂದ ಪಹಣಿ ಮತ್ತು ಮ್ಯುಟೇಷನ್ ಎಂಬ ಎರಡು ಡಿರೈವ್ಡ್ ಕ್ಲಾಸ್ ಎಂದು ಊಹಿಸಿಕೊಳ್ಳೋಣ. ಬೇಸ್‌ನಲ್ಲಿ ಹೆಸರು ತಿದ್ದು ಎಂಬ ಪ್ರೊಟೆಕ್ಟೆಡ್ ಮೆಥಡ್ ಇದೆ. ಪಹಣಿ ತನ್ನ ಮೇಲೆ ಅದನ್ನು ಕರೆಯಬಹುದು, ಇನ್ನೊಂದು ಪಹಣಿಯ ಮೇಲೂ ಕರೆಯಬಹುದು. ಮ್ಯುಟೇಷನ್ ಆಬ್ಜೆಕ್ಟ್ ಮೇಲೆ ಕರೆಯಬಹುದೇ? ಸಿ ಪ್ಲಸ್ ಪ್ಲಸ್, ಸಿ ಶಾರ್ಪ್ ಎರಡೂ ಇಲ್ಲ ಎನ್ನುತ್ತವೆ. ಪ್ಯಾಕೇಜ್ ಬೇರೆಯಾದರೆ ಜಾವಾ ಕೂಡ ಇಲ್ಲ ಎನ್ನುತ್ತದೆ. ಆ ಆಬ್ಜೆಕ್ಟ್ ಅನ್ನು ಬೇಸ್ ಕ್ಲಾಸ್‌ನ ಬಗೆಯ ಹ್ಯಾಂಡಲ್ (ರೆಫರೆನ್ಸ್) ಮೂಲಕ ಹಿಡಿದು ಬಂದರೂ ಇಲ್ಲವೆಂದೇ ಉತ್ತರ.

ಕಾರಣ ನ್ಯಾಯವಾದದ್ದು. ಹುಟ್ಟಿದ್ದು ಒಂದೇ ತಾಯಿಗೆ ಎಂಬ ಮಾತ್ರಕ್ಕೆ ಅಣ್ಣನ ಪಾಲಿನಲ್ಲಿ ತಮ್ಮ ಉಳಲಾಗದು. ಈ ತಡೆ ಇಲ್ಲದಿದ್ದರೆ ಯಾರು ಬೇಕಾದರೂ ಆ ಬೇಸ್‌ನಿಂದ ಒಂದು ಪುಟ್ಟ ಕ್ಲಾಸ್ ಹುಟ್ಟಿಸಿ, ಅದರ ನೆಪದಲ್ಲಿ ಒಡಹುಟ್ಟಿದ ಎಲ್ಲ ಕ್ಲಾಸ್‌ಗಳ ಒಳಗೆ ನುಗ್ಗಬಹುದಿತ್ತು. ರೂಬಿ ಮತ್ತು ಪಿಎಚ್‌ಪಿ ಭಾಷೆಗಳ ನಿಲುವು ಇದಕ್ಕೆ ಎದುರು. ಮೆಥಡ್ ಘೋಷಣೆಯಾದದ್ದು ಸಮಾನ ಹಿರಿಯ ಕ್ಲಾಸ್‌ನಲ್ಲಿ ಎಂದಾದರೆ ಒಡಹುಟ್ಟಿದವರು ಒಬ್ಬರನ್ನೊಬ್ಬರು ಕರೆಯಬಹುದು. ಎರಡು ಆಬ್ಜೆಕ್ಟ್‌ಗಳನ್ನು ಹೋಲಿಸಿ ನೋಡುವ ಕೆಲಸಕ್ಕೆ ಇದು ಬಲು ಅನುಕೂಲ. ಆದರೆ ಅದೇ ಬಾಗಿಲಿಂದ ಬೇಡದವರೂ ಬರಬಹುದು.

ರೂಬಿಯ ಪ್ರೈವೇಟ್ ಕೂಡ ಬೇರೆ ಬಗೆ. ಜಾವಾ, ಸಿ ಪ್ಲಸ್ ಪ್ಲಸ್‌ಗಳಲ್ಲಿ ಪ್ರೈವೇಟ್ ಎಂದರೆ ಕ್ಲಾಸ್‌ಗೆ ಸ್ವಂತ. ಒಂದೇ ಕ್ಲಾಸ್‌ನ ಎರಡು ಆಬ್ಜೆಕ್ಟ್‌ಗಳು ಪರಸ್ಪರ ಒಳಗನ್ನು ಮುಟ್ಟಬಹುದು. ರೂಬಿಯಲ್ಲಿ ಅದು ಆಬ್ಜೆಕ್ಟ್‌ಗೆ ಸ್ವಂತ. ಡಿರೈವ್ಡ್ ಕ್ಲಾಸ್ ತನ್ನ ಮೇಲೆ ಅದನ್ನು ಕರೆದುಕೊಳ್ಳಬಹುದು, ಆದರೆ ಇನ್ನೊಂದು ಆಬ್ಜೆಕ್ಟ್ ಮೇಲೆ ಯಾರೂ ಕರೆಯಲಾಗದು. ಒಂದು ಭಾಷೆಯ ಪ್ರೈವೇಟ್‌ನ ಅರ್ಥವನ್ನು ಇನ್ನೊಂದಕ್ಕೆ ಹೊತ್ತೊಯ್ಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕೊಟ್ಟದ್ದನ್ನು ಕಿತ್ತುಕೊಳ್ಳಬಹುದೇ?

ಬೇಸ್ ಕ್ಲಾಸ್ ಪಬ್ಲಿಕ್ ಎಂದ ಮೆಥಡ್ ಅನ್ನು ಡಿರೈವ್ಡ್ ಕ್ಲಾಸ್ ಪ್ರೈವೇಟ್ ಮಾಡಬಹುದೇ? ಜಾವಾ ಬಿಡುವುದಿಲ್ಲ. ಹಕ್ಕನ್ನು ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ಈ ನಿಯಮದ ಹಿಂದಿರುವ ತತ್ವವನ್ನು ಬಾರ್ಬರಾ ಲಿಸ್ಕೋವ್ 1987ರಲ್ಲಿ ಮಂಡಿಸಿದರು, 1994ರಲ್ಲಿ ಜೀನೆಟ್ ವಿಂಗ್ ಜೊತೆ ಪ್ರಬಂಧವಾಗಿ ಬೆಳೆಸಿದರು. ಬೇಸ್ ಬಂದರೆ ನಡೆಯುವ ಜಾಗದಲ್ಲಿ ಡಿರೈವ್ಡ್ ಬಂದರೂ ನಡೆಯಬೇಕು. ದಾಖಲೆ ಎಂದು ಕೈಗೆ ಬಂದದ್ದು ಓದಲು ಸಿಗಬೇಕು. ಅದು ಪಹಣಿಯಾದ ಕಾರಣಕ್ಕೆ ಓದಲು ಕೊಡುವುದಿಲ್ಲ ಎಂದರೆ ನಂಬಿದವರು ಕೆಟ್ಟರು. ಸಿ ಪ್ಲಸ್ ಪ್ಲಸ್ ಹೀಗೆ ಕುಗ್ಗಿಸಲು ಬಿಡುತ್ತದೆ, ಆದರೆ ಬೇಸ್‌ನ ಹ್ಯಾಂಡಲ್ ಮೂಲಕ ಕರೆದರೆ ಆ ಮೆಥಡ್ ಓಡಿಯೇ ಓಡುತ್ತದೆ. ಮುಚ್ಚಿದ್ದು ಮುಂಬಾಗಿಲು ಮಾತ್ರ.

ಸಿ ಪ್ಲಸ್ ಪ್ಲಸ್‌ನಲ್ಲೇ ಕರೆಯುವ ಹಕ್ಕನ್ನೂ ಮರುಬರೆಯುವ ಹಕ್ಕನ್ನೂ ಬೇರೆಮಾಡುವ ಒಂದು ಒಳ್ಳೆಯ ಬಳಕೆಯೂ ಇದೆ. ಬೇಸ್‌ನ ಪ್ರೈವೇಟ್ ವರ್ಚುವಲ್ ಮೆಥಡ್ ಅನ್ನು ಡಿರೈವ್ಡ್ ಕ್ಲಾಸ್ ಮರುಬರೆಯಬಹುದು, ಆದರೆ ಬೇಸ್‌ನ ಆ ಮೆಥಡ್ ಅನ್ನು ತಾನು ಕರೆಯಲಾಗದು. ಕೆಲಸದ ಕ್ರಮ ಬೇಸ್‌ನ ಕೈಯಲ್ಲಿ, ನಡುವಿನ ಒಂದು ಹೆಜ್ಜೆ ಮಕ್ಕಳ ಕೈಯಲ್ಲಿ. ನೋಟಿಸ್ ಕೊಡು, ಕಾಯಿ, ಪರಿಶೀಲಿಸು, ದಾಖಲಿಸು ಎಂಬ ಸಾಲು ಬದಲಾಗದು. ಪರಿಶೀಲಿಸುವ ಬಗೆ ಮಾತ್ರ ಪೌತಿ ಖಾತೆಗೆ ಒಂದು, ಕ್ರಯಕ್ಕೆ ಒಂದು, ವಿಭಾಗಕ್ಕೆ ಒಂದು. ಮಕ್ಕಳಿಗೆ ಹಕ್ಕು ಕೊಟ್ಟೂ ಕ್ರಮ ಕಾಯುವ ರೀತಿ ಇದು.

ಚೀಲದ ಲೆಕ್ಕ ಎರಡು ಪಟ್ಟಾದದ್ದು

ಮಕ್ಕಳಿಗೆ ಮೆಥಡ್ ತೆರೆದಿಡುವುದರ ಅಪಾಯವನ್ನು ಅಲನ್ ಸ್ನೈಡರ್ 1986ರಲ್ಲೇ ಬರೆದಿದ್ದರು. ಇನ್ಹೆರಿಟೆನ್ಸ್ ಮತ್ತು ಎನ್‌ಕ್ಯಾಪ್ಸುಲೇಷನ್ ಒಂದಕ್ಕೊಂದು ಎಳೆದಾಡುತ್ತವೆ ಎಂಬುದು ಅವರ ವಾದ. ಜಾಶುವಾ ಬ್ಲಾಕ್ ಜಾವಾ ಕುರಿತ ತಮ್ಮ 2001ರ ಪುಸ್ತಕದಲ್ಲಿ ಇದನ್ನು ಎಣಿಕೆಯ ಒಂದು ಉದಾಹರಣೆಯಿಂದ ಮನಗಾಣಿಸಿದರು. ಅದೇ ಎಳೆಯನ್ನು ಶಿರಾದ ಶೇಂಗಾ ಮಾರುಕಟ್ಟೆಗೆ ತಂದು ನೋಡೋಣ.

ಮಳಿಗೆ ಎಂಬ ಬೇಸ್ ಕ್ಲಾಸ್‌ನಲ್ಲಿ ಎರಡು ಮೆಥಡ್: ಚೀಲ ಇಳಿಸು, ಗಾಡಿ ಇಳಿಸು. ಹಮಾಲಿಯ ಲೆಕ್ಕ ಬೇಕೆಂದು ಒಬ್ಬರು ಡಿರೈವ್ಡ್ ಕ್ಲಾಸ್ ಬರೆದು ಎರಡನ್ನೂ ಮರುಬರೆದರು. ಒಂದು ಚೀಲ ಇಳಿದರೆ ಒಂದು ಕೂಡಿಸು, ಗಾಡಿ ಇಳಿದರೆ ಅದರಲ್ಲಿರುವಷ್ಟು ಕೂಡಿಸು, ಆಮೇಲೆ ಬೇಸ್‌ನ ಕೆಲಸಕ್ಕೆ ಬಿಡು. 40 ಚೀಲದ ಗಾಡಿ ಬಂತು. ಲೆಕ್ಕ 80 ತೋರಿಸಿತು. ಬೇಸ್‌ನ ಗಾಡಿ ಇಳಿಸು ಒಳಗೊಳಗೇ ಚೀಲ ಇಳಿಸು ಎಂಬುದನ್ನು 40 ಸಲ ಕರೆಯುತ್ತಿತ್ತು. ಆ ಕರೆಗಳು ಮರುಬರೆದ ಮೆಥಡ್‌ಗೆ ಬಂದು ಮತ್ತೆ 40 ಕೂಡಿದವು. ಡಿರೈವ್ಡ್ ಬರೆದವರ ತಪ್ಪೇ? ಅವರಿಗೆ ಒಳಗಿನ ಕರೆ ಕಾಣಿಸುತ್ತಿರಲಿಲ್ಲ. ಬೇಸ್ ಬರೆದವರ ತಪ್ಪೇ? ತಮ್ಮ ಮೆಥಡ್ ಅನ್ನು ತಾವೇ ಕರೆದುಕೊಂಡರು ಅಷ್ಟೇ. ತಪ್ಪು ಇಬ್ಬರ ನಡುವೆ ಬರಹದಲ್ಲಿ ಇಲ್ಲದ ಒಪ್ಪಂದದಲ್ಲಿದೆ.

ಇದನ್ನು ನಾಜೂಕು ಬೇಸ್ ಕ್ಲಾಸ್ ಸಮಸ್ಯೆ ಎನ್ನುತ್ತಾರೆ. ಬ್ಲಾಕ್ ಕೊಟ್ಟ ಪರಿಹಾರ ಕಟ್ಟುನಿಟ್ಟು: ಇನ್ಹೆರಿಟೆನ್ಸ್‌ಗೆಂದೇ ವಿನ್ಯಾಸ ಮಾಡಿ ಬರೆದಿಡಿ, ಇಲ್ಲವೇ ನಿಷೇಧಿಸಿ. ಕೋಟ್ಲಿನ್ ಈ ಮಾತನ್ನು ಭಾಷೆಯ ನಿಯಮವನ್ನಾಗಿಯೇ ಮಾಡಿಕೊಂಡಿತು. ಅಲ್ಲಿ ಓಪನ್ ಎಂದು ಬರೆಯದ ಸಾಮಾನ್ಯ ಕ್ಲಾಸ್‌ಗೆ ಮಕ್ಕಳಾಗುವುದೇ ಇಲ್ಲ.

ವಂಶವೃಕ್ಷ ಬರೆದುಕೊಡುವ ಕಾಲ

ಇತ್ತೀಚಿನ ಭಾಷೆಗಳ ಒಲವು ಹುಟ್ಟಿನ ಹಕ್ಕಿನಿಂದ ದೂರ ಸರಿದಿದೆ. ಸ್ವಿಫ್ಟ್‌ನಲ್ಲಿ ಪ್ರೊಟೆಕ್ಟೆಡ್ ಇಲ್ಲವೇ ಇಲ್ಲ. ಮಕ್ಕಳಿಗೆ ಕೊಟ್ಟದ್ದನ್ನು ಮಕ್ಕಳು ಹೊಸದೊಂದು ಪಬ್ಲಿಕ್ ಮೆಥಡ್ ಬರೆದು ಲೋಕಕ್ಕೆಲ್ಲ ಹಂಚಬಹುದು, ಹಾಗಾಗಿ ಆ ರಕ್ಷಣೆ ನಿಜವಾದ ರಕ್ಷಣೆಯಲ್ಲ ಎಂಬುದು ಅದನ್ನು ಕಟ್ಟಿದವರ ವಾದ. ಅಲ್ಲಿ ಹಕ್ಕು ಮುಖ್ಯವಾಗಿ ಫೈಲ್ ಮತ್ತು ಮಾಡ್ಯೂಲ್‌ಗೆ ಕಟ್ಟಿದೆ. ಗೋ ಭಾಷೆಯಲ್ಲಿ ಇನ್ಹೆರಿಟೆನ್ಸೇ ಇಲ್ಲ. ಹೆಸರಿನ ಮೊದಲ ಅಕ್ಷರ ದೊಡ್ಡದಿದ್ದರೆ ಪ್ಯಾಕೇಜಿನ ಹೊರಗೂ ಸಿಗುತ್ತದೆ, ಚಿಕ್ಕದಿದ್ದರೆ ಒಳಗೆ ಮಾತ್ರ. 2017ರ ಜಾವಾ 9 ಮಾಡ್ಯೂಲ್ ತಂದಿತು. ಪಬ್ಲಿಕ್ ಆದರೂ ಮಾಡ್ಯೂಲ್ ರಫ್ತು ಮಾಡದಿದ್ದರೆ ಹೊರಗೆ ಸಿಗದು. 2021ರ ಜಾವಾ 17ರಲ್ಲಿ ಸೀಲ್ಡ್ ಕ್ಲಾಸ್ ನೆಲೆಯೂರಿತು.

ಸೀಲ್ಡ್ ಎಂದರೆ ನಮ್ಮ ವಂಶವೃಕ್ಷವೇ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಾರಸುದಾರರು ಯಾರು ಯಾರು ಎಂದು ಬರೆದು ಕೊಡಬೇಕು. ಸೀಲ್ಡ್ ಕ್ಲಾಸ್ ಹಾಗೆಯೇ ತನ್ನ ಮಕ್ಕಳ ಹೆಸರನ್ನು ಮೊದಲೇ ಬರೆಯುತ್ತದೆ. ಪಟ್ಟಿಯಲ್ಲಿ ಇಲ್ಲದವರು ಮಕ್ಕಳೆಂದು ಹೇಳಿಕೊಂಡು ಬರಲಾಗದು. ಆಗ ಪ್ರೊಟೆಕ್ಟೆಡ್‌ನ ಅರ್ಥವೇ ಬದಲಾಗುತ್ತದೆ. ಕಾಣದವರಿಗೆ ಕೊಟ್ಟ ಮಾತು ಹೋಗಿ ಗೊತ್ತಿರುವವರಿಗೆ ಕೊಟ್ಟ ಮಾತಾಗುತ್ತದೆ.

ಬೀಗವಲ್ಲ, ಗಡಿಕಲ್ಲು

ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಪ್ರೈವೇಟ್ ಎಂಬುದು ಭದ್ರತೆಯ ಬೀಗವಲ್ಲ. ಓಡುವಾಗಲೇ ಕ್ಲಾಸ್‌ನ ಒಳಗನ್ನು ನೋಡುವ ಜಾವಾದ ರಿಫ್ಲೆಕ್ಷನ್ ಅದನ್ನು ಹಲವು ಕಡೆ ದಾಟಬಲ್ಲದು. ಟೈಪ್‌ಸ್ಕ್ರಿಪ್ಟ್‌ನ ಪ್ರೈವೇಟ್ ಪರಿಶೀಲನೆಯ ಹೊತ್ತಿಗೆ ಮಾತ್ರ, ಓಡುವಾಗ ಇರುವುದಿಲ್ಲ. ಭೂಮಿ ಯೋಜನೆಯಲ್ಲಿ ಬೆರಳಚ್ಚು ಕೇಳುವುದು ಮನುಷ್ಯರನ್ನು ತಡೆಯುವುದಕ್ಕೆ. ಪ್ರೈವೇಟ್ ಎಂದು ಬರೆಯುವುದು ಮುಂದೆ ಆ ಕೋಡ್ ತಿದ್ದುವವರಿಗೆ ದಾರಿ ತೋರುವುದಕ್ಕೆ. ಅದು ಹೊಲದ ಬದುವಿನ ಗಡಿಕಲ್ಲು. ದಾಟಲು ಆಗದ್ದೇನಲ್ಲ, ಆದರೆ ದಾಟಿದವರಿಗೆ ತಾವು ದಾಟಿದ್ದೇವೆ ಎಂದು ಗೊತ್ತಿರುತ್ತದೆ. ಪಾಸ್‌ವರ್ಡ್ ಕಾಯುವ ಕೆಲಸವನ್ನು ಪ್ರೈವೇಟ್‌ಗೆ ಒಪ್ಪಿಸಿ ನಿಶ್ಚಿಂತರಾಗುವುದು ಅಪಾಯ.

ಸಮೀಕ್ಷೆಯ ತೀರ್ಪು

ಐವತ್ತಕ್ಕೂ ಹೆಚ್ಚು ವರ್ಷಗಳ ಅನುಭವವನ್ನು ಒಟ್ಟಿಗೆ ಇಟ್ಟರೆ ದಾರಿ ಕಾಣುತ್ತದೆ. ಮೊದಲು ಎಲ್ಲವನ್ನೂ ಪ್ರೈವೇಟ್ ಎಂದೇ ಬರೆಯಿರಿ. ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ದತ್ತಾಂಶವನ್ನು ಮಕ್ಕಳಿಗೂ ತೆರೆಯಬೇಡಿ, ಮೆಥಡ್ ಕೊಡಿ. ಜೊತೆಗೆ ಬೆಳೆಯುವ, ಒಂದೇ ತಂಡ ಬರೆಯುವ ಕ್ಲಾಸ್‌ಗಳನ್ನು ಒಂದೇ ಪ್ಯಾಕೇಜ್ ಅಥವಾ ಮಾಡ್ಯೂಲ್‌ನಲ್ಲಿ ಇಟ್ಟು ನೆರೆಹೊರೆಯ ಹಕ್ಕು ಕೊಡಿ. ಒಬ್ಬರಿಗಷ್ಟೇ ಬೇಕಾದದ್ದನ್ನು ಹೆಸರು ಹಿಡಿದು ಕೊಡಿ, ಫ್ರೆಂಡ್ ಇಲ್ಲದ ಭಾಷೆಯಲ್ಲಿ ಚೀಟಿಯ ಉಪಾಯ ಅಥವಾ ಒಳಗಿನ ಕ್ಲಾಸ್ ಬಳಸಿ. ಪ್ರೊಟೆಕ್ಟೆಡ್ ಎಂದು ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮೆಥಡ್ ಅನ್ನು ಮಕ್ಕಳು ಯಾವಾಗ ಕರೆಯಬೇಕು, ಯಾವಾಗ ಮರುಬರೆಯಬಹುದು ಎಂದು ನಾಲ್ಕು ಸಾಲು ಬರೆದಿಡಬಲ್ಲೆನೇ? ಬರೆಯಲಾಗದಿದ್ದರೆ ಆ ಹಕ್ಕು ಕೊಡಬೇಡಿ.

ಈ ಎಲ್ಲದರ ಹಿಂದೆ ಇರುವ ಮಾತು ಒಂದೇ. ನಂಟು ಇದೆ ಎಂಬುದು ಹಕ್ಕು ಕೊಡಲು ಸಾಲದು, ಕೆಲಸ ಇರಬೇಕು. ಶಾನುಭೋಗರ ಮಗನಿಗೆ ಹುಟ್ಟಿನಿಂದ ಬರುತ್ತಿದ್ದ ಲೇಖನಿಯನ್ನು ನಮ್ಮ ರಾಜ್ಯ 1963ರಲ್ಲಿ ಕೆಲಸಕ್ಕೆ ನೇಮಕವಾದವರ ಕೈಗೆ ಕೊಟ್ಟಿತು. ಪ್ರೋಗ್ರಾಮಿಂಗ್ ಜಗತ್ತು ಅದೇ ನಿಲುವಿಗೆ ತನ್ನದೇ ದಾರಿಯಲ್ಲಿ ಬಂದಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಾಲೇಜುಗಳಲ್ಲಿ ಈ ಪಾಠ ಮಾಡುವ ಮೇಷ್ಟರಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ: ಪಟ್ಟಿ ಬರೆಸುವ ಮುನ್ನ ವಿದ್ಯಾರ್ಥಿಗಳ ಕೈಗೆ ಒಂದು ಪಹಣಿ ಕೊಡಿ. ಇದನ್ನು ಯಾರು ಓದಬಹುದು, ಯಾರು ತಿದ್ದಬಹುದು, ಏಕೆ ಎಂದು ಕೇಳಿ. ಅದಕ್ಕೆ ಉತ್ತರ ಕೊಟ್ಟ ವಿದ್ಯಾರ್ಥಿಗಳಿಗೆ ಪಟ್ಟಿಯನ್ನು ಉರು ಹೊಡೆಯುವ ಅಗತ್ಯ ಬರುವುದಿಲ್ಲ.